ಹೇರು ನೋಡದೆ ಎತ್ತನ್ನು ಬೈದರೆ

ಯಾವುದೇ ಕಚೇರಿಯ ರಜೆ ಅರ್ಜಿಗಳ ಕಡತ ತೆಗೆದು ನೋಡಿ. ಜ್ವರ, ಹೊಟ್ಟೆನೋವು, ಬೆನ್ನುನೋವು, ತಲೆಸುತ್ತು, ಊರಲ್ಲಿ ಅಜ್ಜಿಗೆ ಹುಷಾರಿಲ್ಲ, ಹತ್ತಿರದ ಬಂಧುಗಳ ಮದುವೆ. ಕಾರಣಗಳಿಗೆ ಬರವಿಲ್ಲ. ಆದರೆ 'ಮೂರು ವಾರದಿಂದ ಸರಿಯಾಗಿ ನಿದ್ದೆ ಬಂದಿಲ್ಲ, ಕೆಲಸದ ಜಾಗ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ, ಎರಡು ದಿನ ರಜೆ ಬೇಕು' ಎಂದು ಬರೆದ ಅರ್ಜಿ ಸಿಗುವುದು ಅಪರೂಪ. ಹಾಗೆ ಬರೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ರಜೆ ಸಿಗಬಹುದು, ಅದರ ಜೊತೆಗೆ 'ಇವನ ಕೈಲಿ ಆಗಲ್ಲ' ಎಂಬ ಹಣೆಪಟ್ಟಿಯೂ ಸಿಗುತ್ತದೆ. ಬಡ್ತಿ ಪಟ್ಟಿ ತಯಾರಾಗುವಾಗ, ಕೆಲಸದಿಂದ ಕೈಬಿಡುವವರ ಪಟ್ಟಿ ತಯಾರಾಗುವಾಗ ಆ ಹಣೆಪಟ್ಟಿ ನೆನಪಿಗೆ ಬರುತ್ತದೆ ಎಂಬ ಭಯ.

ಹೀಗಾಗಿ ನಮ್ಮ ದುಡಿಮೆಯ ಜಾಗಗಳಲ್ಲಿ ಮನಸ್ಸಿನ ನೋವು ಬೇರೆ ಹೆಸರುಗಳಲ್ಲಿ ಓಡಾಡುತ್ತಿದೆ. ಒಬ್ಬರಿಗೆ ಅದು 'ಗ್ಯಾಸ್ಟ್ರಿಕ್', ಇನ್ನೊಬ್ಬರಿಗೆ 'ಬಿಪಿ', ಮತ್ತೊಬ್ಬರಿಗೆ ಎಷ್ಟು ಮಾತ್ರೆ ನುಂಗಿದರೂ ಹೋಗದ ತಲೆನೋವು. ಎದೆ ಹಿಡಿದಂತಾಗಿ, ಬೆವರಿ, ಸತ್ತೇಹೋಗುತ್ತೇನೆಂದು ಗಾಬರಿಯಾಗಿ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದವರ ಇಸಿಜಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. 'ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ' ಎಂದು ಹೇಳಿ ಕಳಿಸುತ್ತಾರೆ. ಆ ಮಾತು ಮುಗಿಯುವಲ್ಲೇ ನಿಜವಾದ ಪ್ರಶ್ನೆ ಶುರುವಾಗಬೇಕು. ಟೆನ್ಷನ್ ಎಲ್ಲಿಂದ ಬಂತು?

ನಮ್ಮ ಹಳ್ಳಿಗಳಲ್ಲಿ ಗಾಡಿ ಹೊಡೆಯುವವರಿಗೆ ಒಂದು ವಿವೇಕವಿತ್ತು. ಏರಿನಲ್ಲಿ ಎತ್ತು ಮಂಡಿಯೂರಿದರೆ ಮೊದಲು ಗಾಡಿಯ ಹೇರು ನೋಡುತ್ತಿದ್ದರು, ನೊಗ ಕತ್ತಿಗೆ ಒತ್ತುತ್ತಿದೆಯೇ ಎಂದು ನೋಡುತ್ತಿದ್ದರು. ಬಾರುಕೋಲು ಆಮೇಲಿನ ಮಾತು. ಕೆಲಸದ ಒತ್ತಡದ ವಿಷಯದಲ್ಲಿ ನಾವು ಇದಕ್ಕೆ ತದ್ವಿರುದ್ಧ ನಡೆಯುತ್ತಿದ್ದೇವೆ. ಹೇರನ್ನು ಮುಟ್ಟದೆ, ಹೊರುವವರಿಗೇ ಧೈರ್ಯ ಹೇಳುತ್ತೇವೆ, ಉಸಿರಾಟದ ಪಾಠ ಹೇಳುತ್ತೇವೆ, ಗಟ್ಟಿಯಾಗು ಎನ್ನುತ್ತೇವೆ. ಒತ್ತಡದ ಬಗ್ಗೆ ವಿಜ್ಞಾನ ಕಲೆಹಾಕಿರುವ ತಿಳಿವಳಿಕೆಯಲ್ಲಿ ಬಹುಪಾಲು, ಮೊದಲು ಹೇರು ನೋಡಿ ಎಂದೇ ಹೇಳುತ್ತದೆ.

ದೇಹಕ್ಕೆ ಏನಾಗುತ್ತದೆ?

ಅಪಾಯ ಎದುರಾದಾಗ ಮೆದುಳು ಅಪ್ಪಣೆ ಕೊಡುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಪುಟ್ಟ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ. ಜೀರ್ಣಕ್ರಿಯೆಯಂಥ 'ಆಮೇಲೆ ಮಾಡಬಹುದಾದ' ಕೆಲಸಗಳನ್ನು ದೇಹ ತಡೆಹಿಡಿಯುತ್ತದೆ. ಓಡಲು ಇಲ್ಲವೇ ಎದುರಿಸಲು ಬೇಕಾದ ಸಿದ್ಧತೆ ಇದು. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಈ ಬಗೆಯ ಪ್ರತಿಕ್ರಿಯೆಯನ್ನು ವಿವರಿಸಿದ ಮೇಲೆ ಒತ್ತಡದ ಅಧ್ಯಯನವೇ ಒಂದು ಶಾಖೆಯಾಗಿ ಬೆಳೆಯಿತು.

ಈ ವ್ಯವಸ್ಥೆ ಕೆಟ್ಟದ್ದೇನಲ್ಲ. ಪರೀಕ್ಷೆಯ ಹಿಂದಿನ ದಿನ ಓದಿಸುವುದು, ಬಜೆಟ್ ಮಂಡನೆಯ ದಿನ ಪತ್ರಿಕೆಯ ಪುಟಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸುವಂತೆ ಮಾಡುವುದು, ಅಪಘಾತವಾದವರನ್ನು ತುರ್ತು ಚಿಕಿತ್ಸಾ ಘಟಕದಲ್ಲಿ ಉಳಿಸುವುದು ಇದೇ ಚುರುಕು. ತೊಂದರೆ ಇರುವುದು ಅದು ಇಳಿಯದೇ ಹೋದಾಗ. ಬೆಳಗ್ಗೆ ಏರಿದ ಬಿಗಿ ರಾತ್ರಿ ಹಾಸಿಗೆಗೆ ಬಂದರೂ ಸಡಿಲವಾಗದಿದ್ದರೆ, ತಿಂಗಳುಗಟ್ಟಲೆ ಹಾಗೆಯೇ ನಡೆದರೆ, ದೇಹ ಸವೆಯತೊಡಗುತ್ತದೆ. ನಿದ್ದೆ ಕೆಡುತ್ತದೆ, ಮರೆವು ಹೆಚ್ಚುತ್ತದೆ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ, ಸಿಗರೇಟು, ಮದ್ಯ ಜೊತೆಗಾರರಾಗುತ್ತವೆ. ಹೃದಯ ಮತ್ತು ರಕ್ತನಾಳಗಳು ಸದ್ದಿಲ್ಲದೆ ಪೆಟ್ಟು ತಿನ್ನುತ್ತವೆ.

ಇದು ಬರೀ ಎಚ್ಚರಿಕೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ತಗಲುವ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಶೇ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7.45 ಲಕ್ಷ ಮಂದಿ ಇಂಥ ದೀರ್ಘ ದುಡಿಮೆಯ ಕಾರಣಕ್ಕೆ ಪ್ರಾಣ ಕಳೆದುಕೊಂಡರೆಂದು ಆ ಲೆಕ್ಕ ಹೇಳುತ್ತದೆ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್‌ನ ಸಹಸಂಸ್ಥಾಪಕ ಎನ್‌.ಆರ್‌. ನಾರಾಯಣಮೂರ್ತಿ 2023ರಲ್ಲಿ ಹೇಳಿದಾಗ ನಾಡಿನಲ್ಲೆಲ್ಲ ಚರ್ಚೆ ನಡೆಯಿತು. ದೇಶ ಕಟ್ಟುವ ಆಸೆಯಿಂದ ಆಡಿದ ಮಾತು ಅದಾಗಿರಬಹುದು. ಆದರೆ ದೇಶ ಕಟ್ಟಬೇಕಾದವರ ಹೃದಯ ಮತ್ತು ಮೆದುಳು ಎಷ್ಟು ಗಂಟೆ ತಡೆಯುತ್ತವೆ ಎಂಬ ಲೆಕ್ಕ ಆ ಚರ್ಚೆಯ ನಡುವೆ ಇರಲೇಬೇಕಿತ್ತು.

ಹೆಚ್ಚು ಕೆಲಸ, ಕಡಿಮೆ ಅಧಿಕಾರ

ಕೆಲಸ ಹೆಚ್ಚಿದ್ದರೆ ಒತ್ತಡ ಹೆಚ್ಚು ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಅದು ಅರ್ಧ ಸತ್ಯ. ಬೆಳಗಿನಿಂದ ರಾತ್ರಿಯವರೆಗೆ ಓಡಾಡಿಯೂ ಉತ್ಸಾಹದಿಂದ ಇರುವವರಿದ್ದಾರೆ, ಎಂಟೇ ಗಂಟೆಯ ಪಾಳಿಯಲ್ಲಿ ಹಣ್ಣಾಗಿ ಹೋದವರೂ ಇದ್ದಾರೆ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಇದಕ್ಕೊಂದು ಸರಳ ಸೂತ್ರ ಮುಂದಿಟ್ಟರು. ಕೆಲಸ ನಮ್ಮಿಂದ ಎಷ್ಟು ಕೇಳುತ್ತದೆ ಎಂಬುದು ಒಂದು. ಆ ಕೆಲಸವನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ನಮಗೆಷ್ಟಿದೆ ಎಂಬುದು ಇನ್ನೊಂದು. ಬೇಡಿಕೆ ಹೆಚ್ಚಿದ್ದು ಸ್ವಾತಂತ್ರ್ಯವೇ ಇಲ್ಲದ ಕಡೆ ಮನುಷ್ಯ ಬೇಗ ಕುಸಿಯುತ್ತಾನೆ.

ಲಂಡನ್ನಿನ ಸರ್ಕಾರಿ ನೌಕರರ ಮೇಲೆ ನಡೆದ 'ವೈಟ್‌ಹಾಲ್' ಅಧ್ಯಯನಗಳು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವು. ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗಳಿಗೇ ಹೃದಯಾಘಾತ ಹೆಚ್ಚು ಎಂಬ ನಂಬಿಕೆ ಆಗ ಇತ್ತು. 1967ರಲ್ಲಿ ಶುರುವಾದ ಮೊದಲ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದ ಸಾವು ಮೇಲ್ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡದಂಥ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ಪೂರ್ತಿ ಮುಚ್ಚಲಿಲ್ಲ. ಮೈಕೇಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನವು, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದಿರುವುದೂ ಹೃದ್ರೋಗಕ್ಕೆ ನಂಟುಳ್ಳ ಸಂಗತಿ ಎಂದು ಕಂಡುಕೊಂಡಿತು.

ಈ ಮಾತು ನಮ್ಮ ನೆಲದಲ್ಲಿ ಹೇಗೆ ಕಾಣುತ್ತದೆಂದು ನೋಡಲು ಗಾರ್ಮೆಂಟ್ಸ್‌ಗೆ ಹೋಗಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಂದು ಲೈನ್‌ನಲ್ಲಿ ಸಾಲಾಗಿ ಮಷಿನ್‌ಗಳು. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಮುಂದಿನವಳು ಅದನ್ನು ಕೂಡಿಸುತ್ತಾಳೆ, ಅದರ ಮುಂದಿನವಳು ತೋಳು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಪ್ರತಿ ಗಂಟೆಗೂ ಎಷ್ಟಾಯಿತೆಂದು ಬರೆಯಲು ಬೋರ್ಡು. ಒಬ್ಬಳ ಕೈ ನಿಧಾನವಾದರೆ ಅವಳ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಹಿಂದಿನವರೂ ಮುಂದಿನವರೂ ನೋಡುತ್ತಾರೆ, ಸೂಪರ್‌ವೈಸರ್‌ನ ದನಿ ಏರುತ್ತದೆ. ಎದ್ದು ಹೋದರೆ ಪೀಸ್ ಕಡಿಮೆಯಾಗುತ್ತದೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಕೂರುವವರಿದ್ದಾರೆ. ಮೂತ್ರದ ಸೋಂಕು, ಸೊಂಟನೋವು, ತಲೆಸುತ್ತು ಎಂದು ಅವರು ವೈದ್ಯರ ಬಳಿ ಹೋದಾಗ ಕಾಯಿಲೆಯ ಹೆಸರೊಂದೇ ಚೀಟಿಯಲ್ಲಿ ಬರುತ್ತದೆ, ಬೋರ್ಡಿನ ಮೇಲಿನ ಅಂಕಿ ಬರುವುದಿಲ್ಲ. ಗಂಟೆಯ ಟಾರ್ಗೆಟ್ ನಿಗದಿ ಮಾಡುವಾಗ ಆ ಲೈನ್‌ನ ಒಬ್ಬ ಟೈಲರನ್ನೂ ಯಾರೂ ಕೇಳಿರುವುದಿಲ್ಲ. ಕರಾಸೆಕ್ ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸವೂ ಹೀಗೆಯೇ. ಟ್ರಾಫಿಕ್ ಅವರ ಕೈಯಲ್ಲಿಲ್ಲ, ಟ್ರಿಪ್ ತಡವಾದರೆ ಮಾತು ಕೇಳುವವರು ಅವರೇ. ಚಿಲ್ಲರೆಗಾಗಿ ಜಗಳ, ಸ್ಟಾಪಿಗಾಗಿ ಜಗಳ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಗೆ ಬಂದು ಲಕ್ಷಾಂತರ ಹೆಣ್ಣುಮಕ್ಕಳ ಓಡಾಟ ಸುಲಭವಾಯಿತು, ಅದು ದೊಡ್ಡ ಸಂಗತಿ. ಜೊತೆಗೆ ಕಿಕ್ಕಿರಿದ ಬಸ್ಸಿನಲ್ಲಿ ಪ್ರತಿಯೊಬ್ಬ ಮಹಿಳೆಗೂ ಶೂನ್ಯ ದರದ ಟಿಕೆಟ್ ಕೊಡುವ ಕೆಲಸ ಕಂಡಕ್ಟರ್ ಪಾಲಿಗೆ ಬಂತು. ಒಂದು ಟಿಕೆಟ್ ತಪ್ಪಿದರೂ ತಪಾಸಣೆಯವರಿಗೆ ಉತ್ತರ ಹೇಳಬೇಕು. ಒಳ್ಳೆಯ ಯೋಜನೆಯನ್ನು ರೂಪಿಸುವಾಗ ಅದನ್ನು ದಿನವೂ ನಡೆಸುವವರ ಕೈಗೆ ಎಷ್ಟು ಹೊರೆ ಬೀಳುತ್ತದೆಂದು ಕೇಳುವುದೂ ಯೋಜನೆಯ ಭಾಗವಾಗಬೇಕು.

ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಕಾರಣವನ್ನು ಎತ್ತಿ ತೋರಿಸಿದರು. ಹಾಕಿದ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿದ್ದರೆ ಆ ಅಸಮತೋಲನವೇ ಮನುಷ್ಯನನ್ನು ಕೊರೆಯುತ್ತದೆ. ಪ್ರತಿಫಲ ಎಂದರೆ ಸಂಬಳ ಮಾತ್ರವಲ್ಲ, ಗೌರವ ಮತ್ತು ಕೆಲಸದ ಭದ್ರತೆಯೂ ಹೌದು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಯಿರಿ. ಬಸುರಿಯರ ಲೆಕ್ಕ, ಮಕ್ಕಳ ಲಸಿಕೆ, ಮನೆಮನೆ ಸಮೀಕ್ಷೆ, ಮೊಬೈಲ್ ಆ್ಯಪ್‌ಗೆ ಮಾಹಿತಿ ತುಂಬುವುದು ಎಲ್ಲವೂ ಅವರ ತಲೆಯ ಮೇಲೆ. ಕೋವಿಡ್ ಕಾಲದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಬಾಗಿಲು ತಟ್ಟಿದವರು ಅವರು. ಆದರೂ ಕಾಗದದ ಮೇಲೆ ಅವರು ಸ್ವಯಂಸೇವಕಿಯರು, ಅವರಿಗೆ ಸಿಗುವುದು ವೇತನವಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅವರು ಹಗಲು ರಾತ್ರಿ ಕುಳಿತಿದ್ದು ದುಡ್ಡಿನ ಜೊತೆಗೆ ಈ ಲೆಕ್ಕ ಸರಿಪಡಿಸಲೂ ಹೌದು.

ಲ್ಯಾಪ್‌ಟಾಪ್ ಮುಚ್ಚಿದರೂ ಮುಗಿಯದ ಕೆಲಸ

ಹವಾನಿಯಂತ್ರಿತ ಕಚೇರಿ, ಕ್ಯಾಬ್, ಕ್ಯಾಂಟೀನ್ ಇರುವ ಐಟಿ ಮಂದಿಗೇನು ಕಷ್ಟ ಎಂದು ಕೇಳುವವರಿದ್ದಾರೆ. ಅಲ್ಲಿನ ಹೇರು ಬೇರೆ ಬಗೆಯದು. ಗ್ರಾಹಕರು ಅಮೆರಿಕದಲ್ಲಿ, ಕೆಲಸಗಾರರು ಮಾರತ್ತಹಳ್ಳಿಯಲ್ಲಿ. ಅವರ ಬೆಳಗು ಇವರ ರಾತ್ರಿ. ಮಗುವಿಗೆ ಊಟ ಮಾಡಿಸುವ ಹೊತ್ತಿಗೆ ಕಾಲ್, ಮಲಗುವ ಹೊತ್ತಿಗೆ ಮತ್ತೊಂದು ಕಾಲ್. ಆನ್‌ಕಾಲ್ ಡ್ಯೂಟಿ ಇದ್ದ ವಾರ ಫೋನು ದಿಂಬಿನ ಪಕ್ಕದಲ್ಲೇ ಮಲಗುತ್ತದೆ. ಅದು ಬಡಿಯದಿದ್ದರೂ ಬಡಿಯಬಹುದೆಂಬ ಕಾವಲಿನಲ್ಲಿ ನಿದ್ದೆ ತೆಳುವಾಗುತ್ತದೆ. ಪ್ರಾಜೆಕ್ಟ್ ಮುಗಿದು ಬೆಂಚ್‌ಗೆ ಬಂದರೆ ಕೆಲಸವಿಲ್ಲದ ಭಯ ಬೇರೆ. ಪ್ರತಿದಿನ ಲಾಗಿನ್ ಆಗಿ, ಯಾವ ಪ್ರಾಜೆಕ್ಟಿನವರು ಕರೆಯುತ್ತಾರೋ ಎಂದು ಕಾಯುತ್ತ, ಮನೆಸಾಲದ ಕಂತು ನೆನೆಯುತ್ತ ಕೂರುವವರ ಕೈಯಲ್ಲಿ ಆ ದಿನ ಕೆಲಸ ಒಂದಿಷ್ಟೂ ಇರುವುದಿಲ್ಲ, ಒತ್ತಡ ಮಾತ್ರ ಬೆಟ್ಟದಷ್ಟಿರುತ್ತದೆ.

2024ರಲ್ಲಿ ಐಟಿ ಕ್ಷೇತ್ರದ ದುಡಿಮೆಯ ಅವಧಿಯನ್ನು ದಿನಕ್ಕೆ 14 ಗಂಟೆವರೆಗೆ ಹಿಗ್ಗಿಸಲು ದಾರಿ ಮಾಡುವ ಪ್ರಸ್ತಾವ ರಾಜ್ಯದಲ್ಲಿ ಬಂದಾಗ ನೌಕರರ ಸಂಘಟನೆಗಳು ಬೀದಿಗಿಳಿದವು. ಬೇರೆ ದೇಶಗಳು ಎದುರು ದಿಕ್ಕಿನಲ್ಲಿ ನಡೆಯುತ್ತಿವೆ. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂದೇಶಕ್ಕೆ ಉತ್ತರಿಸದೆ ಇರುವ ಹಕ್ಕನ್ನು ಫ್ರಾನ್ಸ್ 2017ರಿಂದ ಜಾರಿಗೆ ತಂದಿದೆ, ಆಸ್ಟ್ರೇಲಿಯಾ 2024ರಿಂದ. ಅತಿ ದುಡಿಮೆಯಿಂದ ಬರುವ ಸಾವಿಗೆ 'ಕರೋಶಿ' ಎಂಬ ಹೆಸರನ್ನೇ ಇಟ್ಟುಕೊಂಡಿರುವ ಜಪಾನ್, ಅದನ್ನು ತಡೆಯಲು 2014ರಲ್ಲಿ ಕಾಯ್ದೆ ತಂದು, 2019ರಿಂದ ಓವರ್‌ಟೈಮ್‌ಗೆ ಕಾನೂನಿನ ಮಿತಿ ಹಾಕಿತು. ನಮ್ಮ ಸಂಸತ್ತಿನಲ್ಲಿ 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಕಚೇರಿಯ ಸಂದೇಶಕ್ಕೆ ಉತ್ತರಿಸದಿರುವ ಹಕ್ಕಿಗಾಗಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಕಾಯ್ದೆ ಬರುವವರೆಗೂ ಕಾಯಬೇಕಿಲ್ಲ. ರಾತ್ರಿ ಹತ್ತಕ್ಕೆ ಬರೆದ ಮೇಲ್ ಬೆಳಗ್ಗೆ ಒಂಬತ್ತಕ್ಕೆ ತಲುಪುವಂತೆ ಇಡುವುದಕ್ಕೆ ಯಾವ ಮ್ಯಾನೇಜರ್‌ಗೂ ಸಂಸತ್ತಿನ ಅಪ್ಪಣೆ ಬೇಕಿಲ್ಲ.

ಸುಸ್ತು ಎಲ್ಲಿ ಮುಗಿಯುತ್ತದೆ, ಕಾಯಿಲೆ ಎಲ್ಲಿ ಶುರುವಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ 'ಬರ್ನ್‌ಔಟ್' ಎಂಬುದಕ್ಕೆ ಜಾಗವಿದೆ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅದು. ಮೂರು ಲಕ್ಷಣ ಹೇಳಿದ್ದಾರೆ: ಮೈಮನಸ್ಸು ಬರಿದಾದಂಥ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ ಇಲ್ಲವೇ ದೂರ ಸರಿದ ಭಾವ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ. ಗಮನಿಸಬೇಕಾದದ್ದು, ಆ ಪಟ್ಟಿ ಬರ್ನ್‌ಔಟನ್ನು ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆದಿದೆ.

ಖಿನ್ನತೆ ಹಾಗಲ್ಲ, ಅದು ಕಾಯಿಲೆ. ಕೆಲಸದ ಒತ್ತಡ ಅದನ್ನು ಎಬ್ಬಿಸಬಹುದು, ಹೆಚ್ಚಿಸಬಹುದು. ಕಾಯಿಲೆ ಹಿಡಿದ ಮೇಲೆ ಅದು ಕೆಲಸಕ್ಕಷ್ಟೇ ಸೀಮಿತವಾಗುವುದಿಲ್ಲ. ದಿನದ ಬಹುಪಾಲು ಹೊತ್ತು ಬೇಸರ, ಹಿಂದೆ ಇಷ್ಟವಿದ್ದ ಹಾಡು, ಸಿನಿಮಾ, ಮಕ್ಕಳ ಆಟ ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ನಿದ್ದೆ, ಹಸಿವಿನಲ್ಲಿ ಏರುಪೇರು, ಎಲ್ಲಕ್ಕೂ ನಾನೇ ಕಾರಣ ಎಂಬ ಅಪರಾಧಿ ಭಾವ, ಬದುಕಿ ಏನು ಪ್ರಯೋಜನ ಎಂಬ ಯೋಚನೆ. ಇವು ಎರಡು ವಾರಕ್ಕೂ ಮಿಕ್ಕಿ ಉಳಿದರೆ ವೈದ್ಯರನ್ನು ಕಾಣಲೇಬೇಕು. ವಾರಾಂತ್ಯದ ಪ್ರವಾಸ, ದೇವಸ್ಥಾನದ ಹರಕೆ, ಹೊಸ ಕಂಪನಿಯ ಆಫರ್ ಲೆಟರ್ ಇವುಗಳಿಂದ ಅದು ವಾಸಿಯಾಗುವುದೆಂದು ಕಾಯಬಾರದು.

ಇಂಥವರು ವಿರಳವೂ ಅಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಹೆಚ್ಚಿನ ಸಮಸ್ಯೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹತ್ತು ಮಂದಿ ಕೂರುವ ಒಂದು ವಿಭಾಗದಲ್ಲಿ ಒಬ್ಬರಾದರೂ ಹೀಗೆ ಮೌನವಾಗಿ ನರಳುತ್ತಿರಬಹುದೆಂದು ಭಾವಿಸಿ ನಡೆದುಕೊಂಡರೆ ತಪ್ಪಾಗುವುದಿಲ್ಲ.

ಪಕ್ಕದಲ್ಲಿ ಕೂತವರು ಏನು ಮಾಡಬಹುದು?

ಮೊದಲು ಗೊತ್ತಾಗುವುದು ಮ್ಯಾನೇಜರ್‌ಗಲ್ಲ, ಪಕ್ಕದವರಿಗೆ. ಗಾರ್ಮೆಂಟ್ಸ್ ಒಂದರ ಊಟದ ಬಿಡುವಿನಲ್ಲಿ ಹಿರಿಯ ಟೈಲರ್ ಒಬ್ಬರು ಕಿರಿಯವಳನ್ನು ಮಾತಾಡಿಸುವುದನ್ನು ಕಲ್ಪಿಸಿಕೊಳ್ಳಿ.

"ಏನೇ, ಮೂರು ದಿನದಿಂದ ನೋಡ್ತಾ ಇದೀನಿ, ಡಬ್ಬಿ ಹಾಗೇ ವಾಪಸ್ ತಗೊಂಡು ಹೋಗ್ತೀಯ?"

"ಏನಿಲ್ಲಕ್ಕ, ಹಸಿವಿಲ್ಲ."

"ನಿದ್ದೆ ಬರುತ್ತಾ?"

"ಮೂರು ಗಂಟೆಗೇ ಎಚ್ಚರ ಆಗ್ಬಿಡತ್ತಕ್ಕ. ಆಮೇಲೆ ಬರೀ ಇಲ್ಲಿದೇ ಯೋಚ್ನೆ. ಇವತ್ತು ಎಷ್ಟು ಪೀಸ್ ಬಾಕಿ ಬೀಳುತ್ತೋ, ಏನಂತಾರೋ ಅಂತ."

"ಸಂಜೆ ಒಟ್ಟಿಗೆ ಹೋಗೋಣ. ದಾರೀಲಿ ಎಲ್ಲಾ ಹೇಳು, ನಾನು ಕೇಳ್ತೀನಿ."

ಇಷ್ಟೇ. ಈ ಹೆಂಗಸು ಉಪದೇಶ ಮಾಡಲಿಲ್ಲ. 'ನಮ್ಮ ಕಾಲದಲ್ಲಿ ಇನ್ನೂ ಕಷ್ಟ ಇತ್ತು' ಎನ್ನಲಿಲ್ಲ, 'ಎಲ್ಲ ಸರಿಹೋಗುತ್ತೆ ಬಿಡು' ಎಂದು ಬಾಯಿ ಮುಚ್ಚಿಸಲಿಲ್ಲ. ಕಣ್ಣಿಗೆ ಕಂಡ ಒಂದು ಸಂಗತಿ ಹಿಡಿದು ಕೇಳಿದರು, ಇನ್ನೊಂದು ಪ್ರಶ್ನೆ ಕೇಳಿದರು, ಕೇಳಿಸಿಕೊಳ್ಳಲು ಹೊತ್ತು ಕೊಟ್ಟರು. 'ಹೇಗಿದ್ದೀಯ' ಎಂದರೆ 'ಚೆನ್ನಾಗಿದ್ದೀನಿ' ಎಂಬ ಉತ್ತರ ತಾನಾಗಿಯೇ ಬರುತ್ತದೆ. ತಿನ್ನದ ಡಬ್ಬಿಯ ಬಗ್ಗೆ ಕೇಳಿದರೆ ಹಾಗೆ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಮಾತಿನಲ್ಲಿ ಸಾವಿನ ಸುಳಿವು ಸಿಕ್ಕರೆ ಹಿಂಜರಿಯದೆ ನೇರವಾಗಿ ಕೇಳಬೇಕು: 'ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?' ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳುವವರೊಬ್ಬರು ಸಿಕ್ಕರೆಂದು ಎದೆ ಹಗುರವಾಗುವುದೇ ಹೆಚ್ಚು. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬಾರದು, ಮನೆಯವರಿಗೆ ತಿಳಿಸಿ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಗುಟ್ಟು ಕಾಪಾಡುವ ಮಾತು ಕೊಟ್ಟಿದ್ದರೂ ಈ ಒಂದು ವಿಷಯದಲ್ಲಿ ಜೀವ ದೊಡ್ಡದು.

ಯೋಗ ದಿನದಾಚೆ

ಕಂಪನಿಗಳು ಏನೂ ಮಾಡುತ್ತಿಲ್ಲ ಎನ್ನಲಾಗದು. ಯೋಗ ಶಿಬಿರ, ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ಉಪನ್ಯಾಸ ನಡೆಯುತ್ತಿವೆ. ಯೋಗ, ಧ್ಯಾನಗಳಿಂದ ಹಲವರಿಗೆ ನೆಮ್ಮದಿ ಸಿಗುವುದೂ ನಿಜ. ಆದರೆ ಹೇರು ಇಳಿಸದೆ ಇವನ್ನಷ್ಟೇ ಕೊಟ್ಟರೆ ಫಲ ಎಷ್ಟು? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 46 ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಕ್ತಿಗಳನ್ನಷ್ಟೇ ಗುರಿಯಾಗಿಸಿದ ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ನೆಮ್ಮದಿ ಭಾಗವಹಿಸದವರಿಗಿಂತ ಹೆಚ್ಚೇನೂ ಇರಲಿಲ್ಲ. ಇದಕ್ಕೆ ಹೊರತಾಗಿ ಕಂಡದ್ದು ಸ್ವಯಂಸೇವೆಗೆ ಅವಕಾಶ ಕೊಡುವ ಕಾರ್ಯಕ್ರಮ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಹೊರತಂದ ಮಾರ್ಗಸೂಚಿ ಕೆಲಸದ ರೀತಿಯನ್ನೇ ಬದಲಿಸುವ ಕ್ರಮಗಳನ್ನು ಮುಖ್ಯವಾಗಿ ಹೇಳುತ್ತದೆ, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಿ ಎನ್ನುತ್ತದೆ. ಇದನ್ನು ನಮ್ಮ ಕಚೇರಿ, ಕಾರ್ಖಾನೆಗಳ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಟಾರ್ಗೆಟ್ ನಿಗದಿ ಮಾಡುವ ಮುನ್ನ ಅದನ್ನು ಮುಟ್ಟಬೇಕಾದವರ ಜೊತೆ ಕೂತು ಮಾತಾಡಿ. ಪಾಳಿಯ ಪಟ್ಟಿಯನ್ನು ಹಿಂದಿನ ದಿನ ಅಂಟಿಸದೆ ವಾರಗಳ ಮೊದಲೇ ಕೊಡಿ. ಇಬ್ಬರು ಕೆಲಸ ಬಿಟ್ಟ ಜಾಗದಲ್ಲಿ ಉಳಿದೊಬ್ಬರ ಮೇಲೆ ಮೂವರ ಕೆಲಸ ಹೇರಬೇಡಿ, ಅನಿವಾರ್ಯವಾದರೆ ಯಾವ ಕೆಲಸ ಸದ್ಯಕ್ಕೆ ಬಿಡಬಹುದೆಂದು ನೀವೇ ಹೇಳಿ. ತಪ್ಪನ್ನು ಬಾಗಿಲು ಹಾಕಿಕೊಂಡು ಹೇಳಿ, ಮೆಚ್ಚುಗೆಯನ್ನು ಎಲ್ಲರ ಮುಂದೆ ಹೇಳಿ. ಎಲ್ಲರೆದುರು ಬೈಯುವುದು, ಜಾತಿ, ಮೈಬಣ್ಣ, ಇಂಗ್ಲಿಷ್ ಉಚ್ಚಾರಣೆ ಹಿಡಿದು ಹೀಯಾಳಿಸುವುದು ಶಿಸ್ತು ಕಲಿಸುವ ದಾರಿಯಲ್ಲ, ಅದು ಕಿರುಕುಳ. ಚೆನ್ನಾಗಿ ಹೊಲಿಯುತ್ತಿದ್ದವರನ್ನು ಸೂಪರ್‌ವೈಸರ್ ಮಾಡಿದಿರಿ, ಚೆನ್ನಾಗಿ ಕೋಡ್ ಬರೆಯುತ್ತಿದ್ದವರನ್ನು ಟೀಮ್ ಲೀಡ್ ಮಾಡಿದಿರಿ. ಮನುಷ್ಯರ ಜೊತೆ ಮಾತಾಡುವುದು ಹೇಗೆಂದು ಅವರಿಗೆ ಯಾರು ಕಲಿಸಿದರು? ಮೇಲಿನವರ ಒತ್ತಡವನ್ನು ಕೆಳಗಿನವರಿಗೆ ದಾಟಿಸುವುದೊಂದೇ ಅವರಿಗೆ ಗೊತ್ತಿದ್ದರೆ ತಪ್ಪು ಅವರೊಬ್ಬರದಲ್ಲ.

ಇದಕ್ಕೆ ಖರ್ಚಾಗುತ್ತದೆ ಎಂದು ಗೊಣಗುವವರಿಗೆ ಇನ್ನೊಂದು ಲೆಕ್ಕವಿದೆ. ಖಿನ್ನತೆ ಮತ್ತು ಆತಂಕದ ಸಮಸ್ಯೆಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ದುಡಿಮೆಯ ದಿನಗಳನ್ನು ಕಳೆದುಕೊಳ್ಳುತ್ತಿದೆ, ಅದರ ಬೆಲೆ 1 ಲಕ್ಷ ಕೋಟಿ ಡಾಲರ್ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಡೆಗಣಿಸುವುದೇ ದುಬಾರಿ.

ಕಾನೂನು ನಮ್ಮ ಜೊತೆಗಿದೆ

ನೌಕರರಿಗೆ ಗೊತ್ತಿರಬೇಕಾದ ಕೆಲವು ಹಕ್ಕುಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಸರ್ಕಾರ ನಡೆಸುವ ಅಥವಾ ಅನುದಾನ ಕೊಡುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಅದು ಹೇಳುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ಕಚೇರಿಯಿಂದ ಗುಂಪು ವಿಮೆ ಇದ್ದವರು ಈ ಭಾಗವನ್ನು ಓದಿ ನೋಡಲಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದೂ ಇದೇ ಕಾಯ್ದೆ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ.

ಇಎಸ್ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಅದರ ಸೌಲಭ್ಯವಿದೆ. ವೈದ್ಯರ ಪ್ರಮಾಣಪತ್ರವಿದ್ದು, ನಿಗದಿಯಾದಷ್ಟು ದಿನಗಳ ವಂತಿಗೆ ಕಟ್ಟಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಸಂಬಳದಿಂದ ತಿಂಗಳು ತಿಂಗಳೂ ಇಎಸ್ಐ ಹಣ ಕಟ್ಟುವವರು ಮಾನಸಿಕ ಚಿಕಿತ್ಸೆಗೂ ಅಲ್ಲಿಗೆ ಹೋಗಬಹುದು.

ಎಲ್ಲಿಗೆ ಹೋಗುವುದು ಎಂದು ತೋಚದಿದ್ದಾಗ 14416 ಸಂಖ್ಯೆಗೆ ಕರೆ ಮಾಡಬಹುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ 'ಟೆಲಿ ಮಾನಸ್' ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆ, ತಾಲ್ಲೂಕುಗಳಿಗೆ ಒಯ್ಯುವ ದಾರಿಯನ್ನು ದೇಶಕ್ಕೆ ತೋರಿಸಿದ್ದೂ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ 'ಬಳ್ಳಾರಿ ಮಾದರಿ'ಯೇ. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋವೈದ್ಯರು ಔಷಧ ಕೊಡುತ್ತಾರೆ, ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುತ್ತಾರೆ, ಹಲವರಿಗೆ ಎರಡೂ ಬೇಕಾಗುತ್ತವೆ. ಖಿನ್ನತೆಯ ಔಷಧಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೆ ಆರಾಮವಾಯಿತೆಂದು ನಾವೇ ಥಟ್ಟನೆ ನಿಲ್ಲಿಸಬಾರದು, ವೈದ್ಯರ ಮಾತಿನಂತೆ ನಿಧಾನಕ್ಕೆ ಬಿಡಬೇಕು. ಓದಿ ತಿಳಿಯಬೇಕೆನ್ನುವವರಿಗೆ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಸರಳ ಕನ್ನಡದಲ್ಲಿ ಬರೆದಿರುವ ಪುಸ್ತಕಗಳಿವೆ.

ಮರಳಿ ಬಂದವರನ್ನು ಹೇಗೆ ಬರಮಾಡಿಕೊಳ್ಳುತ್ತೇವೆ?

ಚಿಕಿತ್ಸೆ ಪಡೆದು ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದವರಿಗೆ ಮೊದಲ ವಾರ ತುಂಬ ಕಷ್ಟದ್ದು. ಹೃದಯದ ಆಪರೇಷನ್ ಆಗಿ ಬಂದವರಿಗೆ 'ಹೇಗಿದ್ದೀರಿ, ಮೆಟ್ಟಿಲು ಹತ್ತಬೇಡಿ' ಎಂದು ಎಲ್ಲರೂ ಹೇಳುತ್ತಾರೆ. ಇವರು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಹಾಗಾಗಬಾರದು. ಆರಂಭದಲ್ಲಿ ಕಡಿಮೆ ಹೊತ್ತು, ರಾತ್ರಿ ಪಾಳಿಯಿಂದ ವಿನಾಯಿತಿ, ವೈದ್ಯರ ಬಳಿ ಹೋಗಿಬರಲು ಅರ್ಧ ದಿನದ ಅನುಮತಿ, ಕೆಲಸವನ್ನು ಹಂತಹಂತವಾಗಿ ಹೆಚ್ಚಿಸುವುದು ಇವು ದೊಡ್ಡ ಸಂಗತಿಗಳೇನಲ್ಲ. ಅವರ ಬಗ್ಗೆ ಎಷ್ಟನ್ನು ಯಾರಿಗೆ ಹೇಳಬೇಕೆಂಬುದನ್ನು ಅವರನ್ನೇ ಕೇಳಿ ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರನ್ನು ಕುಸಿಯುವಂತೆ ಮಾಡಿದ ಸಂಗತಿ ಅದೇ ಕುರ್ಚಿಯಲ್ಲಿ, ಅದೇ ಪಾಳಿಯಲ್ಲಿ ಕಾದು ಕುಳಿತಿದೆಯೇ ಎಂದು ನೋಡಬೇಕು. ಇದ್ದರೆ ಚಿಕಿತ್ಸೆ ಪಡೆದದ್ದು ಅವರೊಬ್ಬರೇ, ಕೆಲಸಕ್ಕೆ ಚಿಕಿತ್ಸೆಯಾಗಿಲ್ಲ ಎಂದೇ ಅರ್ಥ. ಮುಂದಿನ ಸರದಿ ಅವರದಾಗಬಹುದು, ಆ ಕುರ್ಚಿಗೆ ಬರುವ ಇನ್ನೊಬ್ಬರದೂ ಆಗಬಹುದು.

ಇದನ್ನು ಓದುತ್ತಿರುವವರಲ್ಲಿ ಶಾಖೆಯ ವ್ಯವಸ್ಥಾಪಕರು, ಡಿಪೊ ಅಧಿಕಾರಿಗಳು, ಮುಖ್ಯ ಶಿಕ್ಷಕರು, ಟೀಮ್ ಲೀಡ್‌ಗಳು, ಫ್ಲೋರ್ ಇನ್‌ಚಾರ್ಜ್‌ಗಳು ಇರುತ್ತೀರಿ. ನಿಮಗೂ ಮೇಲಿಂದ ಒತ್ತಡವಿದೆ, ಅದು ಸುಳ್ಳಲ್ಲ. ಆದರೂ ನಿಮ್ಮ ಕೈಯಲ್ಲಿ ಒಂದಿಷ್ಟು ಅಧಿಕಾರವಿದೆ, ನಿಮ್ಮ ಕೆಳಗಿನವರಿಗೆ ಅಷ್ಟೂ ಇಲ್ಲ. ಈ ತಿಂಗಳು ನಿಮ್ಮ ತಂಡದ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: 'ನಿಮ್ಮ ಕೆಲಸದಲ್ಲಿ ಯಾವ ಒಂದು ಸಂಗತಿ ಬದಲಾದರೆ ನಿಮಗೆ ಉಸಿರಾಡಲು ಜಾಗ ಸಿಗುತ್ತದೆ?' ಉತ್ತರ ಬರೆದುಕೊಳ್ಳಿ. ಬಂದ ಉತ್ತರಗಳಲ್ಲಿ ನಿಮ್ಮ ಸಹಿಯಿಂದಲೇ ಆಗುವಂಥವು ಕೆಲವಾದರೂ ಇರುತ್ತವೆ. ಅವನ್ನು ಮುಂದಿನ ತಿಂಗಳ ಸಂಬಳದ ದಿನ ಬರುವುದರೊಳಗೆ ಮಾಡಿ ಮುಗಿಸಿ. ನಿಮ್ಮಿಂದಾಗದ್ದನ್ನು ಮೇಲಿನವರಿಗೆ ಬರಹದಲ್ಲಿ ಕಳಿಸಿ, ಕಳಿಸಿದ್ದೇನೆಂದು ಕೇಳಿದವರಿಗೆ ತಿಳಿಸಿ. ಜನ ತಡೆದುಕೊಳ್ಳಲಾರದ್ದು ಹೆಚ್ಚಾಗಿ ಕಷ್ಟವನ್ನಲ್ಲ, ಕಷ್ಟ ಹೇಳಿಕೊಂಡರೂ ಯಾರೂ ಕಿವಿಗೊಡದಿರುವುದನ್ನು.